ಕ್ಯೂ-ಏಳು ಎಂಬ ಮಹಾವಂಚಕನ ಬೆನ್ನಟ್ಟಿ

ಕ್ರಮಬದ್ಧವಾಗಿ ಮಾಡಿದ ಯಾವ ಕೆಲಸವೂ ಕೆಡುವುದಿಲ್ಲ ಎಂಬುದು 2015ರ ಆಗಸ್ಟ್ ಎರಡನೇ ತಾರೀಖಿನವರೆಗೆ ನನ್ನ ದೃಢ ನಂಬಿಕೆಯಾಗಿತ್ತು.

ನಾನು ದಿನಚರಿ ಬರೆಯುವವಳು. ದಿನಚರಿ ಎಂದರೆ ಹುಣ್ಣಿಮೆ, ಮನಸ್ಸಿನ ತಳಮಳ ಇತ್ಯಾದಿ ಅಲ್ಲ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಅಲ್ಲಾಳಸಂದ್ರದ ನಮ್ಮ ಮನೆಯಿಂದ ಹೆಬ್ಬಾಳದ ಲ್ಯಾಬಿಗೆ ಎಷ್ಟು ನಿಮಿಷ ಹಿಡಿಯಿತು, ಆ ತಿಂಗಳು "ಮದುವೆ ಯಾವಾಗ?" ಎಂದು ಎಷ್ಟು ಸಲ ಕೇಳಿಸಿಕೊಂಡೆ, ಇಂಥವು. (ಜುಲೈಯಲ್ಲಿ ಹದಿನಾಲ್ಕು ಸಲ. ಅದರಲ್ಲಿ ಒಂಬತ್ತು ಸಲ ಕೇಳಿದವರು ಒಬ್ಬರೇ, ನನ್ನ ಹುಣಸಮಾರನಹಳ್ಳಿ ಅತ್ತೆ.) ಲ್ಯಾಬಿನಲ್ಲಿಯೂ ನನ್ನ ಕೆಲಸ ಇದೇ. ಬಂದ ರಕ್ತದ ಬಾಟಲಿಗಳಿಗೆಲ್ಲ ನಂಬರು ಹಾಕಿ, ತಾರೀಖು ಬರೆದು, ರಿಜಿಸ್ಟರಿಗೆ ಏರಿಸುವುದು. ಆರು ವರ್ಷದಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಿಲ್ಲ. ಇಂಥವಳಿಗೆ ಒಂದು ವಾಚು ಕೊಳ್ಳುವುದು ಎಷ್ಟರ ಕೆಲಸ?

ವಾಚು ಅಪ್ಪನಿಗೆ. ಆಗಸ್ಟ್ ಮೂವತ್ತಕ್ಕೆ ಅಪ್ಪನಿಗೆ ಅರವತ್ತು ತುಂಬುವುದಿತ್ತು. ಅಪ್ಪ ವಾಚ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಕೊನೆಯ ತಪಾಸಣೆಯ ವಿಭಾಗ. ತಯಾರಾದ ವಾಚನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿ, ಕಿವಿಗಿಟ್ಟು ಕೇಳಿ, "ಪಾಸ್" ಎಂದು ಆಚೆ ಕಳಿಸುವುದು. ಸ್ವಯಂ ನಿವೃತ್ತಿ ತೆಗೆದುಕೊಂಡು ಹನ್ನೆರಡು ವರ್ಷವಾಗಿದ್ದರೂ ಮನೆಗೆ ಬಂದ ತರಕಾರಿಯನ್ನು ಈಗಲೂ ಹಾಗೆಯೇ ತಪಾಸಣೆ ಮಾಡುತ್ತಾರೆ. ಟೊಮ್ಯಾಟೊವನ್ನು ಕಿವಿಗಿಡುವುದಿಲ್ಲ, ಅಷ್ಟೇ.

ಇಂಥವರ ಮುಂಗೈಯಲ್ಲಿ ವಾಚೇ ಇಲ್ಲ! ಕಾರಣವಿದೆ. ನೆಂಟರ ಯಾವ ಮದುವೆಗೂ ನಮ್ಮ ಮನೆಯ ಉಡುಗೊರೆ ವಾಚು. ಕೋಗಿಲಿನಿಂದ ಹುಣಸಮಾರನಹಳ್ಳಿಯವರೆಗೆ ನಮ್ಮ ಕುಲಬಾಂಧವರಲ್ಲಿ ಅಪ್ಪ ಕೊಟ್ಟ ವಾಚು ಕಟ್ಟದ ಅಳಿಯನಿಲ್ಲ. ಅತ್ತೆಯ ಮಗನ ಮದುವೆಗೆ ಹೋದ ದಿನ ಅಮ್ಮ ಉಡುಗೊರೆಯ ಡಬ್ಬಿಯನ್ನು ಮನೆಯಲ್ಲೇ ಮರೆತುಬಂದಿದ್ದಳು. ಅಪ್ಪ ಮಂಟಪ ಹತ್ತಿದವರೇ ತಮ್ಮ ಕೈಯಿಂದ ವಾಚು ಬಿಚ್ಚಿ ಮದುವೆ ಗಂಡಿನ ಕೈಗೆ ಕಟ್ಟಿ ಇಳಿದುಬಂದರು. ಕಪ್ಪು ಮುಖ, ಬಿಳಿ ಅಂಕಿ, ದಿನವೂ ಕೀಲಿ ಕೊಡುವ ವಾಚು. ಅವರ ವಿಭಾಗದಲ್ಲೇ ಪಾಸಾದದ್ದು. ಆಮೇಲೆ ಆ ಮಾದರಿ ಬರುವುದು ನಿಂತುಹೋಯಿತು. ಬೇರೆ ವಾಚನ್ನು ಅಪ್ಪ ಕಟ್ಟಲಿಲ್ಲ.

ಹಾಗಾದರೆ ಅದನ್ನೇ ವಾಪಸು ಕೇಳಬಹುದಿತ್ತಲ್ಲ ಎಂದರೆ, ಅತ್ತೆಯ ಮಗ ಮೋಟಾರು ಇಳಿಸುವಾಗ ಅದನ್ನು ಬೋರ್‌ವೆಲ್ಲಿನೊಳಗೆ ಬೀಳಿಸಿಕೊಂಡಿದ್ದ. ಕೀಲಿ ಕೊಡುವವರಿದ್ದಿದ್ದರೆ ಅದು ಅಲ್ಲಿಯೂ ನಡೆಯುತ್ತಿತ್ತು ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ.

ಅದೇ ಮಾದರಿಯ ವಾಚು ಆಗಸ್ಟ್ ಎರಡರ ಭಾನುವಾರ ನನ್ನ ಕಣ್ಣಿಗೆ ಬಿತ್ತು. ಹಳೆಯ ಸಾಮಾನುಗಳನ್ನು ಹರಾಜು ಹಾಕುವ ಒಂದು ಜಾಲತಾಣ. ಕಪ್ಪು ಮುಖ, ಬಿಳಿ ಅಂಕಿ! ಮಾರುವವರು ಯಶವಂತಪುರದ ಒಬ್ಬ ವಾಚ್ ರಿಪೇರಿಯವರು. ಆರಂಭದ ಬೆಲೆ ಇನ್ನೂರ ತೊಂಬತ್ತೊಂಬತ್ತು. ಸೋಮವಾರ ಬೆಳಗ್ಗೆ ಹರಾಜು ಶುರು, ಮುಂದಿನ ಸೋಮವಾರ ಮುಕ್ತಾಯ. ಅಂಗಡಿಯ ವಿಳಾಸವೂ ಇತ್ತು, "ಬಂದು ನೋಡಬಹುದು" ಎಂದೂ ಬರೆದಿತ್ತು. ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಬುದ್ಧಿಯಿದ್ದವರು ಅವತ್ತೇ ಹೋಗಿ ಚೌಕಾಸಿ ಮಾಡಿ ತರುತ್ತಿದ್ದರು. ಆದರೆ ಹರಾಜು ಎಂದಮೇಲೆ ಹರಾಜಿನಲ್ಲೇ ಕೊಳ್ಳುವುದು ಕ್ರಮ. ನಾನು ಕ್ರಮ ಮೀರುವವಳಲ್ಲ. ದಿನಚರಿಯಲ್ಲಿ ಹೊಸ ಪುಟ ತೆರೆದು, ಸ್ಕೇಲಿಟ್ಟು ಗೆರೆ ಎಳೆದು, "ಅಪ್ಪನ ವಾಚು" ಎಂದು ತಲೆಬರಹ ಹಾಕಿದೆ.

ಸೋಮವಾರ ಬೆಳಗ್ಗೆ 7.40ಕ್ಕೆ ಮುನ್ನೂರ ಇಪ್ಪತ್ತೈದು ಕೂಗಿದೆ. ಬೇರೆ ಯಾರೂ ಇರಲಿಲ್ಲ. ನನ್ನ ಜೀವನದ ಅತ್ಯಂತ ನೆಮ್ಮದಿಯ ಎಂಬತ್ತೆರಡು ನಿಮಿಷ ಅದು. 9.02ಕ್ಕೆ ಇನ್ನೊಬ್ಬ ಬಂದು ನಾನೂರ ಒಂದು ಎಂದ.

ಆ ತಾಣದಲ್ಲಿ ಕೂಗುವವರ ಪೂರ್ತಿ ಹೆಸರು ಕಾಣುವುದಿಲ್ಲ. ಮೊದಲಿನದೊಂದು ಅಕ್ಷರ, ನಡುವೆ ಮೂರು ನಕ್ಷತ್ರ, ಕೊನೆಯದೊಂದು. ಇವನದು ಇಂಗ್ಲಿಷಿನ ಕ್ಯೂ, ಮೂರು ನಕ್ಷತ್ರ, ಏಳು. ನಾನು ನಾನೂರ ಐವತ್ತು ಎಂದೆ. ಮೂರು ನಿಮಿಷದಲ್ಲಿ ಕ್ಯೂ-ಏಳು ಐನೂರ ಒಂದು ಎಂದ. ನಾನು ಐನೂರ ಎಪ್ಪತ್ತೈದು. ಅವನು ಆರುನೂರ ಐವತ್ತೊಂದು! ಲ್ಯಾಬಿನಲ್ಲಿ ರಕ್ತ ಕೊಡಲು ಬಂದವರು ಸಾಲುಗಟ್ಟಿ ನಿಂತಿದ್ದರು. ನನ್ನ ರಕ್ತ ಮಾತ್ರ ಕುದಿಯುತ್ತಿತ್ತು.

ಬುಧವಾರದ ಹೊತ್ತಿಗೆ ಬೆಲೆ ಸಾವಿರ ದಾಟಿತು. ಕೂಗುತ್ತಿದ್ದವರು ನಾವಿಬ್ಬರೇ. ಆಗ ನನಗೆ ಅನುಮಾನ ಬಂತು. ಅನುಮಾನ ಬಂದರೆ ಬೇರೆಯವರು ಕೂಗಾಡುತ್ತಾರೆ. ನಾನು ಕೋಷ್ಟಕ ಹಾಕುತ್ತೇನೆ.

ಶುಕ್ರವಾರದ ಊಟದ ಬಿಡುವಿನಲ್ಲಿ ಕೋಷ್ಟಕವನ್ನು ಜೋಸೆಫ್‌ನ ಮುಂದಿಟ್ಟೆ. ಜೋಸೆಫ್ ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವವನು. ದಿನಕ್ಕೆ ಎಂಬತ್ತು ಜನರ ಕೈ ಹಿಡಿಯುತ್ತಾನೆ. ಅವನ ಕೈಯಲ್ಲಿ ಮಾತ್ರ ಒಂದು ವಾಚೂ ಇಲ್ಲ.

"ನೋಡು. ಇವನ ರೇಟು ಯಾವಾಗ್ಲೂ ಒಂದರಲ್ಲೇ ಮುಗಿಯುತ್ತೆ. ನಾನೂರ ಒಂದು, ಐನೂರ ಒಂದು, ಸಾವಿರದ ನೂರ ಒಂದು. ಮಧ್ಯಾಹ್ನ ಒಂದರಿಂದ ಮೂರು ಗಂಟೆವರೆಗೆ ಉಸಿರೇ ಇಲ್ಲ. ಬಾಕಿ ಹೊತ್ತಲ್ಲಿ ಐದು ನಿಮಿಷಕ್ಕೆ ಉತ್ತರ. ಆದ್ರೆ ದಿನಾ ಒಂದೂವರೆ ಗಂಟೆ ಇದ್ದಕ್ಕಿದ್ದಂಗೆ ಮಾಯ. ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಇವತ್ತು ಹತ್ತೂವರೆಯಿಂದ ಹನ್ನೆರಡು."

ಜೋಸೆಫ್ ಚಿತ್ರಾನ್ನ ನುಂಗಿ ಗಂಭೀರನಾದ. "ಮನುಷ್ಯ ಅಲ್ಲ ಮಂಜು ಇದು. ಕಂಪ್ಯೂಟರ್ ಪ್ರೋಗ್ರಾಂ. ಆ ಒಂದೂವರೆ ಗಂಟೆ ಸರ್ವರ್ ರಿಪೇರಿ ಟೈಮು."

"ಯಾರ ಪ್ರೋಗ್ರಾಂ?"

"ಇನ್ಯಾರದ್ದು? ಮಾರೋನದ್ದೇ. ಇನ್ನೊಂದು ಹೆಸರಲ್ಲಿ ತಾನೇ ಕೂಗ್ತಾನೆ, ನಿನ್ನಂಥೋರು ಏರಿಸ್ತಾ ಹೋಗ್ತಾರೆ. ಗೋಲ್ಮಾಲ್ ಗುರು ಇದೆಲ್ಲ!"

ಎಲ್ಲವೂ ಹೊಂದಿಕೊಂಡಿತು. ಯಶವಂತಪುರದ ಒಬ್ಬ ರಿಪೇರಿಯವ ಇಷ್ಟು ದೊಡ್ಡ ಅಂತರ್ಜಾಲ ವಂಚಕನಾಗಿದ್ದಾನೆ! ಅಪ್ಪನ ವಾಚಿಗಾಗಿ ಅಷ್ಟೇ ಅಲ್ಲ, ಸಮಾಜಕ್ಕಾಗಿಯೂ ಹೋರಾಡಬೇಕಾಯಿತು. ಶನಿವಾರ ಸಂಜೆ ತಾಣದವರಿಗೆ ಆರು ಪುಟದ ದೂರು ಬರೆದೆ. ವಿಷಯ: ಮಾರಾಟಗಾರರು ಬೇನಾಮಿ ಹೆಸರಿನಲ್ಲಿ ತಮ್ಮ ವಸ್ತುವಿಗೆ ತಾವೇ ಬೆಲೆ ಏರಿಸುತ್ತಿರುವ ಬಗ್ಗೆ. ಲಗತ್ತು: ಕೋಷ್ಟಕ ಮೂರು, ನಕ್ಷೆ ಒಂದು. ಎರಡು ಸಲ ಓದಿದೆ, ನನಗೇ ಮೈ ಜುಮ್ಮೆಂದಿತು.

ಆ ವಾರ ಅಪ್ಪ ಎಂದೂ ಇಲ್ಲದ ಹುರುಪಿನಲ್ಲಿದ್ದರು. ಪೇಪರ್ ಓದಲೆಂದು ನಾನು ಕೊಡಿಸಿದ್ದ ಟ್ಯಾಬ್ಲೆಟ್ ಹಿಡಿದು ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೇ ನಗುತ್ತಿದ್ದರು. ಉಪ್ಪು ಜಾಸ್ತಿಯಾದ ಸಾರನ್ನೂ "ಪಾಸ್" ಎಂದರು. ಕೆರೆಯ ಸುತ್ತ ವಾಕಿಂಗ್ ಹೋದವರು ಅರ್ಧ ಗಂಟೆ ತಡವಾಗಿ ಬರುತ್ತಿದ್ದರು.

"ಏನ್ರೀ, ಇಷ್ಟೊಂದು ಖುಷಿ?" ಎಂದು ಅಮ್ಮ ಕೇಳಿದಳು.

"ಏನಿಲ್ಲ ಕಣೇ. ಪ್ರಪಂಚ ನಾವಂದ್ಕೊಂಡಷ್ಟು ಕೆಟ್ಟೋಗಿಲ್ಲ."

ಅರವತ್ತರ ಸಂಭ್ರಮ ಎಂದುಕೊಂಡೆ.

ಭಾನುವಾರ ಬೆಳಗ್ಗೆ ತಾಣದವರಿಂದ ಉತ್ತರ ಬಂತು. ನನ್ನ ದೂರನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಲಾಗಿದೆ! ಹರಾಜನ್ನು ತಡೆಹಿಡಿಯಲಾಗಿದೆ! ಮಾರಾಟಗಾರರ ಖಾತೆ ಬಂದ್, ಅನುಮಾನಿತ ಕ್ಯೂ-ಏಳರ ಖಾತೆ ಬಂದ್, ವಾಚು ತಾಣದಿಂದ ಮಾಯ. ನಾನು ಗೆದ್ದಿದ್ದೆ. ಆಮೇಲೆ ಚಹಾ ಕುಡಿಯುವಾಗ ಹೊಳೆಯಿತು: ವಾಚು ಮಾಯವಾದರೆ ನಾನು ಕೊಳ್ಳುವುದೇನನ್ನು?

ಅಷ್ಟರಲ್ಲಿ ಅಪ್ಪ ಟ್ಯಾಬ್ಲೆಟ್ ಹಿಡಿದುಕೊಂಡು ಬಂದರು. ಮುಖ ಬಾಡಿತ್ತು. "ಪುಟ್ಟಿ, ನಿಮ್ಮ ಖಾತೆ ಪರಿಶೀಲನೆಯಲ್ಲಿದೆ ಅಂದ್ರೆ ಏನಮ್ಮ?"

"ಬ್ಯಾಂಕಿನವ್ರು ಹಂಗೇ ಅಪ್ಪ. ಆಧಾರ್ ಜೆರಾಕ್ಸ್ ಕೊಟ್ರೆ ಸರಿ ಹೋಗುತ್ತೆ," ಎಂದೆ. ತಲೆ ಎತ್ತಲಿಲ್ಲ. ನಾನು ಕೋಷ್ಟಕ ನೋಡುತ್ತಿದ್ದೆ.

ಒಂದು ವಾರ ಕಾದೆ. ತಾಣದವರು ಪರಿಗಣಿಸುತ್ತಲೇ ಇದ್ದರು. ಹುಟ್ಟುಹಬ್ಬಕ್ಕೆ ಎರಡು ವಾರವಷ್ಟೇ ಉಳಿದಿತ್ತು. ಕೊನೆಗೆ ಆ ವಂಚಕನ ಗುಹೆಗೇ ನುಗ್ಗಿ, ತಪ್ಪೊಪ್ಪಿಸಿ, ನ್ಯಾಯವಾದ ಬೆಲೆಗೆ ವಾಚು ಕೊಳ್ಳುವುದೆಂದು ತೀರ್ಮಾನಿಸಿದೆ. ಅವನು ನಕಲಿ ವಾಚು ಕೊಟ್ಟರೆ? ಪರಿಣತರೊಬ್ಬರು ಜೊತೆಗಿರಬೇಕು. ನನಗೆ ಗೊತ್ತಿದ್ದ ಪರಿಣತರು ಪ್ರಪಂಚದಲ್ಲಿ ಒಬ್ಬರೇ. ಗುಟ್ಟು ಬಿಡದಂತೆ ಹೇಳಿದೆ: "ಅಪ್ಪಾ, ನಮ್ಮ ಲ್ಯಾಬಿನ ಜೋಸೆಫ್‌ಗೆ ಒಂದು ಹಳೇ ವಾಚು ಬೇಕಂತೆ. ಯಶವಂತಪುರದಲ್ಲಿ ನೋಡಿದ್ದಾನಂತೆ. ಅಸಲಿನಾ ಅಂತ ನೀವು ಸ್ವಲ್ಪ ನೋಡಿ ಹೇಳ್ತೀರಾ?"

ಬಾಡಿದ್ದ ಮುಖ ಅರಳಿತು. ಭೂತಗನ್ನಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಕೂಟರಿನ ಹಿಂದೆ ಕೂತರು. ಹದಿನಾರರ ಭಾನುವಾರ ಬೆಳಗ್ಗೆ 10.15ಕ್ಕೆ ಹೊರಟು, ಹೆಬ್ಬಾಳದ ಮೇಲ್ಸೇತುವೆ ಇಳಿದು, ಮತ್ತಿಕೆರೆ ದಾಟಿ 11.05ಕ್ಕೆ ತಲುಪಿದೆವು.

ಗುಹೆ ಎಂದರೆ ಒಂದು ಮಹಡಿ ಮೆಟ್ಟಿಲ ಕೆಳಗಿನ ಜಾಗ. ಗಾಜಿನ ಪೆಟ್ಟಿಗೆ, ಮೇಜಿನ ದೀಪ, ಸ್ಟೂಲಿನ ಮೇಲೆ ಬಿಳಿ ಗಡ್ಡದ ಖಲೀಲ್ ಸಾಹೇಬರು. ಅಂತರ್ಜಾಲ ವಂಚಕರು ಬನಿಯನ್ ಮೇಲೆ ಸ್ವೆಟರ್ ಹಾಕಿಕೊಂಡು ಬನ್ ತಿನ್ನುತ್ತಿರುತ್ತಾರೆಂದು ನಾನು ಊಹಿಸಿರಲಿಲ್ಲ. ವಾಚನ್ನು ತೆಗೆದು ಅಪ್ಪನ ಕೈಗಿಟ್ಟರು. ಅಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು ಅದರೊಳಗೇ ಇಳಿದುಹೋದರು.

ನಾನು ಗಂಟಲು ಸರಿಮಾಡಿಕೊಂಡೆ. "ನೋಡಿ ಸಾಹೇಬ್ರೇ, ನಿಮ್ಮ ಆಟ ಎಲ್ಲ ಗೊತ್ತಾಗಿದೆ. ದೂರು ಕೊಟ್ಟಿದ್ದು ನಾನೇ."

"ಓಹೋ, ನೀವೇನಾ?" ಸಾಹೇಬರು ಬನ್ ಕೆಳಗಿಟ್ಟರು. ಧ್ವನಿಯಲ್ಲಿ ಸಿಟ್ಟಿಗಿಂತ ಬೇಸರವೇ ಜಾಸ್ತಿ. "ನಲವತ್ತು ವರ್ಷ ಆಯ್ತಮ್ಮ ಇಲ್ಲಿ ಕೂತು. ಒಬ್ರು ಬಂದು ಕಳ್ಳ ಅಂದಿಲ್ಲ. ಮೊನ್ನೆ ಆ ಕಂಪ್ನಿಯೋರು ಮೊಬೈಲಲ್ಲಿ ಅಂದ್ರು. ನನ್ನ ಅಳಿಯ ಓದಿ ಹೇಳ್ದ. ಅಳಿಯನ ಮುಂದೆ!"

ಒಂದು ಕ್ಷಣ ಹಿಂಜರಿದೆ. ಆದರೆ ಕೋಷ್ಟಕ ಕೈಯಲ್ಲಿತ್ತು. ಗಾಜಿನ ಪೆಟ್ಟಿಗೆಯ ಮೇಲೆ ಹರಡಿ ಓದತೊಡಗಿದೆ. "ಕ್ಯೂ-ಏಳು ಅನ್ನೋ ಬೇನಾಮಿ ಹೆಸರು. ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಮೌನ. ಮಂಗಳವಾರ ಮೂರರಿಂದ ನಾಲ್ಕೂವರೆ ಮೌನ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಶನಿವಾರ ಒಂಬತ್ತರಿಂದ..."

"ಹತ್ತೂವರೆ," ಎಂದರು ಸಾಹೇಬರು.

"ಹೇಗೆ ಗೊತ್ತು?" ಸಿಕ್ಕಿಬಿದ್ದ ಎಂದುಕೊಂಡೆ.

"ರಾಹುಕಾಲ ಅಲ್ವೇನಮ್ಮ ಇದು! ಪಕ್ಕದ ಅಂಗಡಿ ಶೆಟ್ರು ಈ ಹೊತ್ತಲ್ಲಿ ಶಟರ್ರೇ ಎತ್ತಲ್ಲ. ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ, ನಂಗೇ ಬಾಯಿಪಾಠ ಆಗಿದೆ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಸೀದಿಗೆ ಹೋಗೋ ನಾನು ರಾಹುಕಾಲ ನೋಡಿ ಮೋಸ ಮಾಡ್ತೀನಾ? ಇದ್ಯಾರೋ ನಿಮ್ಮ ಪೈಕಿಯವ್ರೇ ಇರ್ಬೇಕು."

ಮೂರು ಕೋಷ್ಟಕ, ಒಂದು ನಕ್ಷೆ ಹಾಕಿದವಳ ಕಣ್ಣಿಗೆ ತನ್ನ ಮೇಜಿನ ಮೇಲೆ ಗೋಡೆಗೇ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ಬಿದ್ದಿರಲಿಲ್ಲ! ರೂಪಾಯಿ ಸೊನ್ನೆಯಲ್ಲಿ ಮುಗಿಯಬಾರದೆಂದು ಮದುವೆಮನೆಯ ಮುಯ್ಯಿಗೂ ಒಂದು ಸೇರಿಸುವವರು ಯಾರು? ಮಧ್ಯಾಹ್ನ ಊಟವಾದಮೇಲೆ ಒಂದರಿಂದ ಮೂರರವರೆಗೆ ಗೊರಕೆ ಹೊಡೆಯುವವರು ಯಾರು?

ಪಕ್ಕದಲ್ಲಿ ಭೂತಗನ್ನಡಿ ಕೆಳಗಿಳಿಯಿತು.

"ಸಾಹೇಬ್ರೇ, ಕ್ಷಮಿಸ್ಬೇಕು," ಎಂದರು ಅಪ್ಪ, ತರಗತಿಯಲ್ಲಿ ಎದ್ದು ನಿಂತವರ ಹಾಗೆ. "ಆ ಕ್ಯೂ ನಾನೇ. ಕ್ವಾಲಿಟಿ ವಿಭಾಗ ಅಂತ ಕ್ಯೂ. ಕೊನೇ ಏಳು ಫ್ಯಾಕ್ಟ್ರೀಲಿ ನನ್ನ ಟೋಕನ್ ನಂಬರಿಂದು."

ಸಾಹೇಬರು ಕೇಳಿದರು: "ಕೊಳ್ಳೋಕಾ ಸಾರ್?"

"ಕೊಳ್ಳೋಕಲ್ಲ. ಇನ್ನೂರ ತೊಂಬತ್ತೊಂಬತ್ತು ಅಂತ ಹಾಕಿದ್ರಲ್ಲ, ನಂಗೆ ನೋಡಕ್ಕಾಗ್ಲಿಲ್ಲ. ಅರ್ಧ ಕೆಜಿ ಗೋಡಂಬಿ ಬರಲ್ಲ ಆ ದುಡ್ಡಿಗೆ. ನಮ್ಮ ಕೈಯಲ್ಲಿ ಪಾಸಾದ ಮಾಲು ಅದು. ಎರಡು ತಿಂಗಳಿಂದ ಹಿಂಗೇ ಮಾಡ್ತಿದ್ದೀನಿ. ಯಾವ್ದಾದ್ರೂ ನಮ್ಮ ವಾಚು ತೀರಾ ಕಮ್ಮಿಗೆ ಹೋಗ್ತಾ ಇದ್ರೆ ಒಂದು ಮರ್ಯಾದೆ ಬೆಲೆವರೆಗೆ ಕೂಗಿ, ಆಮೇಲೆ ಬಿಟ್ಟುಬಿಡ್ತೀನಿ. ಇದಕ್ಕೆ ಹದಿನೈದು ನೂರು ಅಂತ ಲೆಕ್ಕ ಹಾಕಿದ್ದೆ. ಆದ್ರೆ ಎದುರಿಗಿದ್ದ ಆಸಾಮಿ ಬಿಡ್ಲೇ ಇಲ್ಲ ನೋಡಿ!"

ಅಪ್ಪನ ಮುಖ ಬೆಳಗಿತು. "ಎಷ್ಟು ಕೂಗಿದ್ರೂ ಮತ್ತೆ ಬರ್ತಾನೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಯಾರೋ ಒಬ್ಬ ಪುಣ್ಯಾತ್ಮ, ಎಲ್ಲಿರ್ತಾನೋ ಏನೋ, ನಮ್ಮ ವಾಚಿಗೆ ಇಷ್ಟು ಆಸೆ ಪಡ್ತಾನಲ್ಲ! ನಮ್ಮ ವಾಕಿಂಗಿನೋರಿಗೆಲ್ಲ ಹೇಳ್ದೆ. ಎಲ್ಲ ಫ್ಯಾಕ್ಟ್ರಿಯೋರೇ. ಕೆರೆ ಕಟ್ಟೆ ಮೇಲೆ ಕೂತು ಚಪ್ಪಾಳೆ ಹೊಡೆದ್ರು. ಇಂಥೋನಿಗೆ ಎದುರಾಗಿ ಮಧ್ಯದಲ್ಲಿ ನಿಲ್ಲಿಸೋದು ಮರ್ಯಾದೆ ಅಲ್ಲ ಅನ್ನಿಸ್ತು. ಹಂಗೇ ಹತ್ತೊಂಬತ್ತು ನೂರ ಒಂದರವರೆಗೆ ಹೋದೆ." ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ಅಂದ್ರೆ... ಅವನು ನಿಮ್ಮ ಜೋಸೆಫ್ಫಾ?"

ಮೆಟ್ಟಿಲ ಮೇಲೆ ಯಾರೋ ಧಡಧಡ ಇಳಿದುಹೋದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಲವತ್ತು ವರ್ಷ ವಾಚುಗಳ ಮುಚ್ಚಳ ಬಿಚ್ಚಿ ಒಳಗೇನಿದೆ ಎಂದು ನೋಡಿದ ಕಣ್ಣುಗಳು ಅವು.

ನಿಜ ಹೇಳುವುದು ಕ್ರಮ. ಆ ಆಸಾಮಿ ನಾನು, ನಿಮ್ಮ ಮಗಳು, ಬೇರೆ ಯಾರೂ ಇಲ್ಲ ಎಂದು ಹೇಳಬೇಕು. ಬಾಯಿ ತೆರೆದೆ. ಕೆರೆ ಕಟ್ಟೆಯ ಮೇಲಿನ ಚಪ್ಪಾಳೆ ಕೇಳಿಸಿತು.

"ಹೂಂ ಅಪ್ಪ," ಎಂದೆ. "ಜೋಸೆಫ್."

"ವಯಸ್ಸೆಷ್ಟು?"

"ಇಪ್ಪತ್ತಾರು."

"ಇಪ್ಪತ್ತಾರು!" ಅಪ್ಪ ಸಾಹೇಬರ ಕೈ ಹಿಡಿದುಕೊಂಡುಬಿಟ್ಟರು. "ಕೇಳಿದ್ರಾ ಸಾಹೇಬ್ರೇ? ಇಪ್ಪತ್ತಾರು ವರ್ಷದ ಹುಡುಗ!"

ಮುಂದೆ ನಡೆದದ್ದು ಚೌಕಾಸಿ. ನಾನು ಕಂಡ ಚೌಕಾಸಿಗಳಲ್ಲಿ ಹಿಂದುಮುಂದಾಗಿ ನಡೆದದ್ದು ಅದೊಂದೇ.

"ನೀವು ಆ ಫ್ಯಾಕ್ಟ್ರಿಯವ್ರು ಅಂತ ಮೊದ್ಲೇ ಹೇಳ್ಬಾರ್ದಾ ಸಾರ್? ನಿಮ್ಮ ವಾಚು ರಿಪೇರಿ ಮಾಡಿನೇ ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ್ದು. ಎಂಟುನೂರು ಕೊಡಿ, ಸಾಕು."

"ಅವಮಾನ ಮಾಡ್ಬೇಡಿ. ಹದಿನೈದು ನೂರ ಒಂದು."

"ಒಂಬೈನೂರು. ಅದಕ್ಕಿಂತ ಜಾಸ್ತಿ ತಗೊಂಡ್ರೆ ನಂಗೆ ಒಳ್ಳೇದಾಗಲ್ಲ."

"ಹದಿನಾಲ್ಕು ನೂರ ಒಂದು. ಅದಕ್ಕಿಂತ ಕಮ್ಮಿ ಕೊಟ್ರೆ ನಂಗೆ ನಿದ್ದೆ ಬರಲ್ಲ."

ಸಾವಿರದ ನೂರ ಒಂದಕ್ಕೆ ಇಬ್ಬರೂ ಸೋತರು. ನಾನು ಪರ್ಸ್ ತೆಗೆದೆ. ಅಪ್ಪ ತಡೆದರು.

"ನೀನ್ಯಾಕೆ? ಆ ಹುಡುಗನ ಹತ್ರಾನೂ ತಗೋಬೇಡ. ಇದು ಅವನಿಗೆ ನನ್ನ ಉಡುಗೊರೆ. ಮೂವತ್ತನೇ ತಾರೀಖು ಊಟಕ್ಕೆ ಕರಿ. ನನ್ನ ಕೈಯಾರೆ ಕಟ್ತೀನಿ."

ಹೀಗೆ, ಅಪ್ಪನಿಗೆ ಉಡುಗೊರೆ ಕೊಡಲು ಹೊರಟ ನಾನು, ಅಪ್ಪನ ದುಡ್ಡಿನಲ್ಲಿ, ಅಪ್ಪನ ಹುಟ್ಟುಹಬ್ಬಕ್ಕೆ, ಜೋಸೆಫ್‌ಗೆ ವಾಚು ಕೊಡಿಸಿದೆ!

ಹೊರಡುವಾಗ ಅಪ್ಪ ಸ್ಕೂಟರಿನ ಕಡೆ ಹೋದಮೇಲೆ ಸಾಹೇಬರ ಹತ್ತಿರ ಕ್ಷಮೆ ಕೇಳಿದೆ. "ಆ ಆಸಾಮಿ ನೀವೇ ಅಲ್ವಾ?" ಎಂದರು ಮೆಲ್ಲಗೆ. ತಲೆಯಾಡಿಸಿದೆ. "ಹೋಗಿ ಅಮ್ಮ. ಆ ಕಂಪ್ನಿಯೋರಿಗೆ ಒಂದು ಕಾಗದ ಬರೀರಿ, ನನ್ನ ಅಳಿಯನಿಗೆ ಅರ್ಥ ಆಗೋ ಹಂಗೆ. ಅಷ್ಟು ಸಾಕು." ಅವತ್ತೇ ಕೂತು ಒಂಬತ್ತು ಪುಟ ಬರೆದೆ. ದೂರಿಗಿಂತ ತಪ್ಪೊಪ್ಪಿಗೆ ಮೂರು ಪುಟ ಜಾಸ್ತಿ. ಗುರುವಾರ ಇಬ್ಬರ ಖಾತೆಯೂ ತೆರೆಯಿತು. ಅಳಿಯನಿಂದ ಒಂದು ಸಂದೇಶ ಬಂತು: "ಮಾವ ಸಿಹಿ ಹಂಚಿದರು. ದಯವಿಟ್ಟು ಇನ್ನು ಮುಂದೆ ಸಂಕ್ಷಿಪ್ತವಾಗಿ ಬರೆಯಿರಿ."

ಜೋಸೆಫ್‌ನನ್ನು ಒಪ್ಪಿಸುವುದು ಬಾಕಿಯಿತ್ತು.

"ನಂಗೆ ಚಿಕ್ಕಂದಿನಿಂದ ಹಳೇ ವಾಚು ಅಂದ್ರೆ ಪ್ರಾಣಾನಾ? ಯಾವಾಗಿಂದ?" ಎಂದ.

"ನಿನ್ನೆಯಿಂದ."

"ಮಂಜು, ನಂಗೆ ಮುಳ್ಳಿರೋ ಗಡಿಯಾರದಲ್ಲಿ ಟೈಮ್ ಹೇಳ್ಬೇಕಂದ್ರೆ ಬೆರಳು ಎಣಿಸ್ಬೇಕು ಕಣೇ!"

"ಒಬ್ಬಟ್ಟಿದೆ."

"ಎಷ್ಟು ಗಂಟೆಗೆ ಬರ್ಲಿ?"

ಮೂವತ್ತರ ಭಾನುವಾರ ಬಂದ. ಅರ್ಧ ಡಜನ್ ಮೋಸಂಬಿ ತಂದಿದ್ದ. ವಾಚಿನ ಬಗ್ಗೆ ಏನೇನು ಹೇಳಬೇಕೆಂದು ಎರಡು ಪುಟ ಬರೆದುಕೊಟ್ಟಿದ್ದೆ; ಬಸ್ಸಿನಲ್ಲಿ ಬಿಟ್ಟುಬಂದಿದ್ದ. ಅಪ್ಪ ಅವನನ್ನು ಎದುರಿಗೇ ಕೂರಿಸಿಕೊಂಡರು. ಶ್ರಾವಣವಾದ್ದರಿಂದ ಕೋಳಿ ಇರಲಿಲ್ಲ. ಅಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದಳು, ನಾನು ಬೆವರು ಸುರಿಸುತ್ತಿದ್ದೆ.

"ಎಂಥ ವಾಚು ಇಷ್ಟ ನಿಮ್ಗೆ?" ಎಂದು ಅಪ್ಪ ಕೇಳಿದರು.

ಜೋಸೆಫ್ ನನ್ನ ಕಡೆ ನೋಡಿದ. ನಾನು ಕೋಸಂಬರಿ ನೋಡಿದೆ. "ಕೈಗೆ ಕಟ್ಟೋದು, ಅಂಕಲ್," ಎಂದ.

"ಭೇಷ್! ಈಗಿನೋರು ಕೊಂಡು ಕೊಂಡು ಶೋಕೇಸಲ್ಲಿ ಇಡ್ತಾರೆ. ವಾಚು ಇರೋದು ಕಟ್ಟೋಕೆ! ಅದ್ಸರಿ, ಅಷ್ಟೊಂದು ಕೂಗಿದ್ರಲ್ಲ, ಯಾಕೆ?"

ಜೋಸೆಫ್ ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿದ. "ಎದುರಿಗಿದ್ದೋನು ಬಿಡ್ಲಿಲ್ಲ, ಅಂಕಲ್."

ಅಪ್ಪ ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎದ್ದುಹೋಗಿ ಕೈತೊಳೆದು ವಾಚು ತಂದರು. ಅವನ ಮುಂದೆ ಕೂತು ಕೀಲಿ ಕೊಟ್ಟು ತೋರಿಸಿದರು. "ದಿನಾ ಒಂದೇ ಹೊತ್ತಿಗೆ ಕೊಡ್ಬೇಕು. ಮೆಲ್ಲಗೆ. ಸಾಕು ಅಂತ ಅದೇ ಹೇಳುತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ಕಟ್ಟೋಕೆ ಮುಂಚೆ ಕೇಳಿ ನೋಡಿ."

ಜೋಸೆಫ್ ನಾಟಕಕ್ಕೆಂದು ವಾಚನ್ನು ಕಿವಿಗಿಟ್ಟುಕೊಂಡ. ಅಲ್ಲಿಗೆ ನಾಟಕ ಮುಗಿಯಿತು. ಅವನ ಮುಖವೇ ಬೇರೆಯಾಯಿತು. ರೋಗಿಗಳ ನರ ಸಿಕ್ಕಿದಾಗ ಒಂದು ಕ್ಷಣ ಸುಮ್ಮನಾಗುತ್ತಾನಲ್ಲ, ಹಾಗೆ.

"ಅಂಕಲ್," ಎಂದ ಪಿಸುದನಿಯಲ್ಲಿ. "ಒಳಗೆ ಯಾರೋ ಓಡಾಡ್ತಿದ್ದಾರೆ."

ಅಪ್ಪ ಅವನ ಕೈ ತೆಗೆದುಕೊಂಡು ವಾಚು ಕಟ್ಟಿದರು. ಪಟ್ಟಿಯ ತುದಿಯನ್ನು ಎರಡು ಸಲ ಸವರಿ ಕೂರಿಸಿದರು. ಆ ಕೈ ನನ್ನದಾಗಿದ್ದರೆ ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ದಿನಚರಿಯಲ್ಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಕೈತೊಳೆಯುವ ಬಚ್ಚಲ ಹತ್ತಿರ ಜೋಸೆಫ್ ವಾಚು ಬಿಚ್ಚಲು ಹೋದ. "ತಗೋ ಮಂಜು. ನಂಗೆ ಇದು ಸೇರಲ್ಲ."

"ಕಟ್ಕೊಂಡಿರು."

"ನಿಜವಾಗ್ಲೂ?" ಕೊಡಲು ಬಂದವನ ಕೈ ಅರ್ಧದಲ್ಲೇ ನಿಂತಿತ್ತು. ಕೊಡುವ ಮನಸ್ಸು ಅವನಿಗೂ ಪೂರ್ತಿ ಇರಲಿಲ್ಲ ಎಂದು ಗೊತ್ತಾಯಿತು. ವಿಚಿತ್ರವೆಂದರೆ ಅದರಿಂದ ನನಗೆ ಸಮಾಧಾನವಾಯಿತು.

ಅವನು ಹೋದಮೇಲೆ ಪಾತ್ರೆ ಉಜ್ಜುತ್ತ ಅಮ್ಮ ಕೇಳಿದಳು: "ಆ ಹುಡುಗನಿಗೆ ಕೀಲಿ ಯಾವ ಕಡೆ ತಿರುಗುತ್ತೆ ಅಂತಾನೇ ಗೊತ್ತಿರ್ಲಿಲ್ಲ. ಕೂಗಿದ್ದು ನೀನು ತಾನೇ?"

"ನಿಂಗೆ ಹೆಂಗೆ ಗೊತ್ತಾಯ್ತು?"

"ಇಬ್ರೂ ಒಂದೇ ಮನೇಲಿ, ಒಬ್ಬರು ಜಗಲಿ ಮೇಲೆ, ಒಬ್ಬಳು ರೂಮಲ್ಲಿ, ಒಬ್ರಾದ್ಮೇಲೆ ಒಬ್ರು 'ಥತ್' ಅಂತಿದ್ರಿ. ಅದಕ್ಕೆ ಕೋಷ್ಟಕ ಬೇಕೇನೇ?" ಲೋಟ ಕವುಚಿಟ್ಟಳು. "ನಿಮ್ಮಪ್ಪನಿಗೆ ಹೇಳ್ಬೇಡ. ಹಿಂಗೆ ಮಾತಾಡಿ ಎಷ್ಟು ವರ್ಷ ಆಗಿತ್ತು."

ಹೇಳಲಿಲ್ಲ. ಅಪ್ಪನಿಗೆ ನಾನು ಕೊಟ್ಟ ಉಡುಗೊರೆ ಒಂದು ಜೊತೆ ವಾಕಿಂಗ್ ಚಪ್ಪಲಿ. ಎರಡೂ ಕಿವಿಗಿಡದೆಯೇ ಪಾಸಾದವು.

ಸೆಪ್ಟೆಂಬರ್ ಒಂದರಿಂದ ಲ್ಯಾಬಿನ ಫೋನು ದಿನವೂ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ರಿಂಗಾಗತೊಡಗಿತು. ಹಳೆಯ ವಾಚು ಹೊಸ ಕೈಗೆ ಹೊಂದಿಕೊಳ್ಳಲು ಒಂದು ತಿಂಗಳು ಬೇಕಂತೆ. ಅಲ್ಲಿಯವರೆಗೆ ದಿನಕ್ಕೆಷ್ಟು ಹಿಂದೆ ಬೀಳುತ್ತದೆಂದು ಬರೆದಿಡಬೇಕಂತೆ. ಜೋಸೆಫ್ ಅದಕ್ಕೆಂದೇ ಒಂದು ನೋಟ್‌ಬುಕ್ ತಂದು, ನನ್ನ ಹತ್ತಿರ ಸ್ಕೇಲು ಇಸಿದುಕೊಂಡು ಗೆರೆ ಎಳೆದಿದ್ದಾನೆ. ಭಾನುವಾರ ಅದನ್ನು ತೋರಿಸಲು ಕೆರೆಯ ಹತ್ತಿರ ಹೋಗುತ್ತಾನೆ. ಫ್ಯಾಕ್ಟರಿಯವರೆಲ್ಲ ಅವನ ಕೈ ಹಿಡಿದು ನೋಡಿ ಟೀ ಕುಡಿಸುತ್ತಾರಂತೆ.

ಫೋನು ಇರುವುದು ನನ್ನ ಮೇಜಿನ ಮೇಲೆ. ಎತ್ತುವವಳು ನಾನೇ.

"ಹಲೋ, ಅಪ್ಪಾ! ತಿಂಡಿ ಆಯ್ತಾ?"

"ಮಂಜೂನಾ? ಆಯ್ತು, ಆಯ್ತು. ಬೇಗ ಜೋಸೆಫ್‌ಗೆ ಕೊಡು."